ಸೌದಿ ಪೆಟ್ಟಿಗೆಯ ಹಿಸ್ಸೆ

೬ ಜನವರಿ ೧೯೮೬, ಮಾನ್ವಿ

ಈ ಮನೆಯಲ್ಲಿ ಅಮ್ಮನಿಗೆ ಉರ್ದು ಬರುತ್ತದೆ, ಅಬ್ಬಾನಿಗೆ ಹಗ್ಗದ ಅಂಗಡಿಯ ಲೆಕ್ಕ ಬರುತ್ತದೆ, ಕನ್ನಡ ಓದಿದವಳು ನಾನೊಬ್ಬಳೇ. ಆದ್ದರಿಂದ ಈ ಪುಸ್ತಕಕ್ಕೆ ಬೀಗದ ಗರಜಿಲ್ಲ. ನಡುಮನೆಯಲ್ಲಿ ಬಿದ್ದಿದ್ದರೂ ಯಾರೂ ಓದಲಾರರು.

ಇವತ್ತು ಅಲ್ಲಾಉದ್ದೀನ್ ಭಾಯಿಜಾನ್ ನನ್ನನ್ನು ರಾಯಚೂರಿಗೆ, ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಅವನು ಜೆದ್ದಾದಲ್ಲಿ ಒಂದು ದವಾಖಾನೆಯ ಗಾಡಿ ಓಡಿಸುತ್ತಾನೆ. ರಜೆ ಮುಗಿಯಿತು, ಇದೇ ವಾರ ಹೊರಡುತ್ತಾನೆ. ಹೋಗುವ ಮೊದಲು ನನ್ನ ಮುಖದ ಒಂದು ಬಂದೋಬಸ್ತು ಮಾಡಿಯೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದ. ಹಟದಲ್ಲಿ ನಾವಿಬ್ಬರೂ ಒಂದೇ ತಾಯಿಯ ಮಕ್ಕಳು.

ನನ್ನ ಮುಖ ಹೈಸ್ಕೂಲಿನಿಂದಲೂ ನನ್ನದಲ್ಲ, ಮೊಡವೆಗಳದು. ಎಲ್ಲರಿಗೂ ಬಂದು ಹೋಗುವ ಮೊಡವೆಯಲ್ಲ. ಒಳಗೆ ಗಂಟು ಕಟ್ಟಿ, ನೋಯಿಸಿ, ಒಡೆದು, ಕುಳಿ ಬಿಟ್ಟು ಹೋಗುವಂಥವು. ದಿಂಬಿಗೆ ಕೆನ್ನೆ ತಾಗಿದರೆ ಎಚ್ಚರವಾಗುತ್ತದೆ. ಮುಲ್ತಾನಿ ಮಣ್ಣು, ಬೇವು, ಚಂದನ, ಓಣಿಯವರು ಹೇಳಿದ್ದನ್ನೆಲ್ಲ ಹಚ್ಚಿ ಆಯಿತು. ನಕಾಬು ಬೇರೆಯವರಿಗೆ ಪರದೆ, ನನಗೆ ಮುಚ್ಚಳ. ಕನ್ನಡ ಶಾಲೆಯ ಗೋಪಮ್ಮ ಟೀಚರು "ನಮ್ಮಲ್ಲಿ ಜಾಗ ಖಾಲಿ ಅದ, ಬಾ" ಎಂದು ಎರಡು ಸಲ ಹೇಳಿ ಕಳಿಸಿದರು. ಹುಡುಗರ ಮುಂದೆ ಈ ಮುಖ ಹೊತ್ತು ನಿಲ್ಲುವುದು ಹೇಗೆ? ಒಲ್ಲೆ ಎಂದೆ.

ಡಾಕ್ಟರ್ ಶರಣಮ್ಮನವರು ಕೆನ್ನೆ ಮುಟ್ಟಿ ನೋಡಿದರು. ಅಸಹ್ಯಪಟ್ಟುಕೊಳ್ಳದೆ ಮುಟ್ಟಿದ್ದು ಅವರೇ ಮೊದಲು.

"ಇದಕ್ಕ ಹೊಸಾ ಗುಳಿಗಿ ಬಂದದವ್ವಾ. ನಮ್ಮ ಅಂಗಡ್ಯಾಗ ಸಿಗಂಗಿಲ್ಲ, ನಿಮ್ಮಣ್ಣ ಇರೋ ಕಡೆ ಸಿಗತದ. ನಾನು ಚೀಟಿ ಬರದು ಕೊಡತೀನಿ. ಆದ್ರ ಇದು ಆಟದ ಸಾಮಾನಲ್ಲ."

ಮೊದಲು ರಕ್ತ ಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಎಣ್ಣೆ ತುಪ್ಪ ಇರುವ ಊಟದ ಜೊತೆಗೇ ನುಂಗಬೇಕು. ಬಿಸಿಲಿಗೆ ಮುಖ ಒಡ್ಡಬಾರದು. ಬೇರೆ ವಿಟಮಿನ್ ಗುಳಿಗೆ, ಮೀನಿನ ಎಣ್ಣೆ ಏನೂ ಬೇಡ. ತುಟಿ ಒಡೆಯುತ್ತದೆ, ಅದು ಎಲ್ಲರಿಗೂ ಆಗುವುದೇ. ತಲೆ ಬಹಳ ಸಿಡಿದರೆ, ಮನಸ್ಸು ಕುಸಿದರೆ ಗುಳಿಗೆ ಬಿಟ್ಟು ಓಡಿ ಬರಬೇಕು. ಇಷ್ಟು ಹೇಳಿ, ಭಾಯಿಜಾನನನ್ನು ಹೊರಗೆ ಕೂಡಲು ಹೇಳಿ, ಬಾಗಿಲು ಮುಂದೆ ಮಾಡಿದರು.

"ಬಸುರಿದ್ದಾಕಿ ಇದನ್ನ ಒಂದೂ ನುಂಗಬಾರದು. ಹೊಟ್ಯಾಗಿನ ಕೂಸಿನ ತಲಿ, ಎದಿ, ಕಿವಿ ಕೆಡತಾವ. ಕೆಲವು ಕೂಸಿಗೆ ಕಿವೀನ ಮೂಡಿರಂಗಿಲ್ಲ. ನಿನ್ನ ನಿಕಾಹ್ ಏನರ ಇದ್ರ, ಗುಳಿಗಿ ಮುಗಿದು ಒಂದು ತಿಂಗಳು ದಾಟಲಿ. ತಿಳೀತಿಲ್ಲೋ?"

ತಿಳಿಯಿತು ಎಂದೆ. ನಾಚಿಕೆಯಿಂದ ಅವರ ಮುಖ ನೋಡಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಕೇಳಿದಳು. ಕುವಾರಿ ಹುಡುಗಿಗೆ ಬಸಿರಿನ ಮಾತು ಹೇಳಿದ ಡಾಕ್ಟರ ಹತ್ತಿರ ಅಮ್ಮ ಇನ್ನೊಮ್ಮೆ ಕಳಿಸುವುದಿಲ್ಲ. "ಮಾರಿಗೆ ತಾಕತ್ತಿನ ಗುಳಿಗಿ ಅಂತ. ವಿಟಮಿನ್ ಇದ್ದಂಗ" ಎಂದೆ. ಅಮ್ಮನಿಗೆ ಅಷ್ಟು ಸಾಕಾಯಿತು.

ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದ್ದೇನೆ. ಮುಖ ತಿಳಿಯಾದ ದಿನ ನಾನೇ ಈ ಕಡೆ ತಿರುಗಿಸಿಕೊಳ್ಳುತ್ತೇನೆ.

೩ ಫೆಬ್ರವರಿ

ಭಾಯಿಜಾನನ ಹೆಂಡತಿ ಅನ್ವರಿ ಭಾಬಿಗೆ ದಿನ ನಿಂತಿದೆ. ಭಾಯಿಜಾನ್ ಹೋದ ಮೇಲೆ ಗೊತ್ತಾಯಿತು. ಮದುವೆಯಾಗಿ ಆರು ವರ್ಷಕ್ಕೆ ಇದೇ ಮೊದಲು. ಓಣಿಯವರ ಬಾಯಿ ಮುಚ್ಚಿದ ಸಂತೋಷಕ್ಕೆ ಅಮ್ಮ ಇಡೀ ಓಣಿಗೆ ಸಕ್ಕರೆ ಹಂಚಿದಳು. ಭಾಬಿ ಮಾತ್ರ ನೀರು ಕುಡಿದರೂ ವಾಂತಿ. ಅವಳ ತಾಯಿ ಮುನವ್ವರ್ ಖಾಲಾ ಬಂದು ದೇವದುರ್ಗಕ್ಕೆ ಕರೆದುಕೊಂಡು ಹೋದರು. ಭಾಬಿ ಇಲ್ಲದ ಮನೆಯಲ್ಲಿ ಜಗಳ ಆಡಲೂ ಯಾರೂ ಇಲ್ಲ.

೨೦ ಫೆಬ್ರವರಿ

ಪೆಟ್ಟಿಗೆ ಬಂತು! ಯರಗೇರಾದವನೊಬ್ಬ ಜೆದ್ದಾದಿಂದ ರಜೆಗೆ ಬಂದಿದ್ದ, ಅವನ ಕೈಯಲ್ಲಿ ಭಾಯಿಜಾನ್ ಕಳಿಸಿದ್ದಾನೆ.

ಸೌದಿ ಪೆಟ್ಟಿಗೆ ಬಂದರೆ ಅದು ಬಂದ ಮನೆಯೊಂದರದೇ ಅಲ್ಲ. ಬಿಚ್ಚುವ ಹಕ್ಕು ಅಮ್ಮನದು, ಆದರೆ ಒಳಗಿನ ಪ್ರತಿಯೊಂದರಲ್ಲೂ ಬೀಗರಿಗೆ, ಖಾಲಾಗಳಿಗೆ, ಅಕ್ಕಪಕ್ಕದವರಿಗೆ ಹಿಸ್ಸೆ. ಖರ್ಜೂರ, ಜಮ್‌ಜಮ್ ನೀರು, ಸಾಬೂನು, ಹಳದಿ ಮುಲಾಮು, ತಲೆನೋವಿನ ಗುಳಿಗೆ. ತಲೆನೋವು ಏನೆಂದೇ ಗೊತ್ತಿಲ್ಲದವರಿಗೂ ಒಂದೆರಡು ಗುಳಿಗೆ ಹೋಗಲೇಬೇಕು. ಹೋಗದಿದ್ದರೆ ಮುಂದಿನ ಮದುವೆಯಲ್ಲಿ ಅಮ್ಮನನ್ನು ಯಾರೂ ಮಾತಾಡಿಸುವುದಿಲ್ಲ. ಸೌದಿಯ ಗುಳಿಗೆಗೆ ಇಲ್ಲಿಯದಕ್ಕಿಂತ ಹೆಚ್ಚು ಬರ್ಕತ್ತು ಎಂದು ಎಲ್ಲರ ನಂಬಿಕೆ.

ನನ್ನ ಗುಳಿಗೆಗಳನ್ನು ಗುರುತು ಹಿಡಿದು, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಕಪಾಟಿನ ಮೇಲಿಟ್ಟೆ. ಅಮ್ಮ ಖರ್ಜೂರದ ಹಿಸ್ಸೆ ಮಾಡುತ್ತ ಕಣ್ಣೆತ್ತಿ ನೋಡಿದಳು.

೨೪ ಫೆಬ್ರವರಿ

ರಕ್ತದ ರಿಪೋರ್ಟ್ ಸರಿಯಾಗಿದೆ. ಮಧ್ಯಾಹ್ನ ಊಟದ ನಡುವೆ ಮೊದಲ ಗುಳಿಗೆ ನುಂಗಿದೆ. ಇನ್ನು ಹಿಂದೆ ನೋಡುವುದಿಲ್ಲ.

೧೨ ಮಾರ್ಚ್

ಇನ್ನೂ ಹೆಚ್ಚಾಗಿದೆ. ಗಲ್ಲದ ಮೇಲೆ ಹೊಸ ಗಂಟುಗಳು. ತುಟಿ ಒಡೆದು, ನಕ್ಕರೆ ರಕ್ತ. ನಗುವ ಪ್ರಸಂಗವೇನೂ ಇಲ್ಲ, ಅದೊಂದು ಪುಣ್ಯ. ಮೊದಲು ಕೆರಳಿ ಆಮೇಲೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಅತ್ತೆ. ಅತ್ತು ಮುಗಿಸಿ ಊಟ ಮಾಡಿ ಗುಳಿಗೆ ನುಂಗಿದೆ.

೧೯ ಮಾರ್ಚ್

ಇದನ್ನು ಬರೆದಿಡಲೇಬೇಕು.

ಹೊಸ ಶೀಟು ತೆಗೆಯಲು ಡಬ್ಬಿ ಇಳಿಸಿದೆ. ಒಂದು ಶೀಟು ಕಡಿಮೆ. ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಕೇಳಿದರೆ ತಲೆ ಎತ್ತದೇ ಹೇಳಿದಳು.

"ಅನ್ವರಿಗೆ ಕಳಿಸೀನಿ. ಪೆಟ್ಟಿಗಿ ಬಂದ ವಾರಾನ ಕಳಿಸೀನಿ. ಅಕಿನ ಗಂಡ ದುಡದು ಕಳಿಸಿದ್ದು, ಬಸುರಿ ಹೆಣ್ಣುಮಗಳಿಗೆ ತಾಕತ್ತಿನ ಗುಳಿಗ್ಯಾಗ ಹಿಸ್ಸಾ ಬ್ಯಾಡೇನು? ಎಲ್ಲಾ ನಿಂದ ಒಬ್ಬಾಕಿದೇನು?"

ಡಬ್ಬಿ ಕೆಳಗಿಟ್ಟೆ. ಆಮೇಲೆ ಎಲ್ಲ ಹೇಳಿದೆ. ಬಸಿರು, ಕೂಸು, ತಲೆ, ಹೃದಯ, ಡಾಕ್ಟರು ಬಾಗಿಲು ಮುಂದೆ ಮಾಡಿ ಹೇಳಿದ್ದನ್ನೆಲ್ಲ. ಕಿವಿಯ ಮಾತೊಂದು ಬಾಯಿಂದ ಹೊರಡಲಿಲ್ಲ. ಪಡಸಾಲೆಯಲ್ಲಿ ಅಬ್ಬಾ ಇದ್ದರು, ಅವರಿಗೂ ಕೇಳಿಸಿರಬೇಕು. ಕುವಾರಿ ಹುಡುಗಿಯ ಬಾಯಲ್ಲಿ ಇಂಥ ಮಾತೇ ಎಂದು ಅಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಆರಿಸಿದ ಅಕ್ಕಿಯನ್ನೂ ಕಲ್ಲನ್ನೂ ಮತ್ತೆ ಒಂದೇ ಮೊರಕ್ಕೆ ಸುರಿದಳು.

"ಮದಲ ಯಾಕ ಹೇಳಲಿಲ್ಲ ಬೇಟಿ" ಎಂದಳು.

ನಾಳೆ ಮೊದಲ ಬಸ್ಸಿಗೆ ದೇವದುರ್ಗ. ಅಬ್ಬಾ ಬರುತ್ತೇನೆ ಅಂದರು, ಬೇಡ ಎಂದೆ. ಗಂಡಸರ ಮುಂದೆ ಇಂಥ ಮಾತು ಯಾರೂ ಬಾಯಿ ಬಿಡುವುದಿಲ್ಲ.

೨೦ ಮಾರ್ಚ್, ದೇವದುರ್ಗ

ಭಾಬಿಯ ತವರಿನಲ್ಲೇ ಕೂತು ಬರೆಯುತ್ತಿದ್ದೇನೆ. ಇನ್ನೂ ಹೊತ್ತು ಮುಳುಗಿಲ್ಲ.

ಸಿರವಾರದಲ್ಲಿ ಬಸ್ಸು ಬದಲಿಸಬೇಕಾಯಿತು. ಬಿಸಿಲು ಆಗಲೇ ಹೆಂಚಿನಂತೆ ಕಾದಿತ್ತು. ಆಡಿನ ಮರಿ ಮಡಿಲಲ್ಲಿಟ್ಟುಕೊಂಡ ಬೂದೆಮ್ಮ ಎಂಬ ಮುದುಕಿ ನನ್ನನ್ನು ನೆರಳಿನ ಕಡೆಯ ಸೀಟಿಗೆ ಎಳೆದುಕೊಂಡಳು. "ಯಾಕ ಯವ್ವಾ, ಹಿಂಗ ನಡುಗಾಕತ್ತಿ? ಜ್ವರ ಬಂದಾವೇನು?" ಎಂದಳು. ಇಲ್ಲ ಎಂದೆ. ದಾರಿಯುದ್ದಕ್ಕೂ ಮರಿಯ ಕಿವಿ ನನ್ನ ಕೈಗೆ ತಾಗುತ್ತಿತ್ತು. ಆ ಕಡೆ ನೋಡಲಾಗದೆ ಕಿಟಕಿಯ ಹೊರಗೆ ನೋಡುತ್ತ ಬಂದೆ.

ಅಂಗಳದಲ್ಲಿ ಮುನವ್ವರ್ ಖಾಲಾ ಶಾವಿಗೆ ಒಣಗಿಸುತ್ತಿದ್ದರು. ಅವರ ತಮ್ಮ ಗುಲಾಮ್ ರಸೂಲ್ ಮಾಮು ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಭಾಬಿ ಬಾಗಿಲ ನೆರಳಲ್ಲಿ ಚಾಪೆಯ ಮೇಲೆ ಮಲಗಿದ್ದಳು, ಅರ್ಧ ಇಳಿದು ಹೋಗಿದ್ದಾಳೆ. ಸಲಾಮು ಮುಗಿಯುವುದಕ್ಕೂ ಬಿಡದೆ ಕೇಳಿದೆ.

"ಖಾಲಾ, ಅಮ್ಮ ಕಳಿಸಿದ ಗುಳಿಗಿ ಎಲ್ಲಿ ಅದಾವ್ರಿ?"

"ಮುಗದು ಹೋದ್ವು" ಎಂದರು ಖಾಲಾ. "ದಿನಾ ನನ್ನ ಕೈಯಾರೆ ಅನ್ವರಿಗೆ ನುಂಗಿಸೀನಿ."

ಭಾಬಿಯ ಹತ್ತಿರ ಕೂತು, ನುಂಗಿದೆಯಾ, ಎಷ್ಟು ನುಂಗಿದೆ ಎಂದು ಕೇಳಿದೆ.

"ನಂಗೇನು ಗೊತ್ತದ ರಜಿಯಾ? ನರ್ಸಮ್ಮ ಕೊಟ್ಟ ಗುಳಿಗಿ ಬ್ಯಾರೆ ಅದಾವ. ಅಮ್ಮ ಕೊಟ್ಟಾಗ ಕಣ್ಣು ಮುಚ್ಚಿ ಬಾಯಿ ತೆರೀತೀನಿ. ಏನಾತು?"

ಏನಾಯಿತೆಂದು ಹೇಳಿದೆ. ಮೆಲ್ಲಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. ಭಾಬಿ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು. ಅವಳ ಮುಖವನ್ನೇ ನೋಡುತ್ತಿದ್ದೆ. ಆಗ ಕಂಡದ್ದು ತುಟಿ. ಮೆತ್ತಗೆ, ಹಸಿಯಾಗಿ, ಒಂದು ಬಿರುಕೂ ಇಲ್ಲ. ನನ್ನ ತುಟಿ ಮೊದಲ ವಾರಕ್ಕೇ ಒಡೆದಿತ್ತು.

ತಿರುಗಿ ಖಾಲಾರನ್ನು ನೋಡಿದೆ. ಅವರ ತುಟಿಯ ಸಿಪ್ಪೆ ಎದ್ದಿತ್ತು. ಬಾಯಿಯ ಎರಡೂ ಮೂಲೆ ಕೆಂಪಗೆ ಸೀಳಿತ್ತು, ಮೇಲೆ ತುಪ್ಪ ಸವರಿಕೊಂಡಿದ್ದರು.

"ಖಾಲಾ, ನಿಮ್ಮ ತುಟಿ ಯಾಕ ಹಿಂಗ ಒಡದಾವು?"

"ಬಿಸಲು ಬೇಟಿ. ಈ ಊರ ಬಿಸಲು ಗೊತ್ತಿಲ್ಲೇನು?"

"ಬಿಸಲಿಗೆ ಭಾಬಿ ತುಟಿ ಒಡೀಲಿಲ್ಲಲ್ರಿ?"

ಖಾಲಾ ಶಾವಿಗೆಯ ಕಡೆ ತಿರುಗಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅದರ ಜೊತೆಗೇ ಎಲ್ಲಿಲ್ಲದ ಆಸೆ. ಎದ್ದು ಹೋಗಿ, ನಕಾಬು ಎತ್ತಿ, ಅವರ ಎದುರಿಗೆ ಬಿಸಿಲಲ್ಲೇ ನಿಂತೆ.

"ನೋಡ್ರಿ ನನ್ನ ಮಾರಿ. ಛಂದಂಗೆ ನೋಡ್ರಿ. ಈ ಗುಳಿಗಿ ನುಂಗಿದವರ ತುಟಿ ಹಿಂಗ ಆಗತಾವ. ನಂದೂ ನಿಮ್ದೂ ಒಂದ ನಮೂನಿ ಅದಾವ. ಆ ಗುಳಿಗಿ ನೀವು ತಿಂದಿದ್ರ ಹೇಳಿಬಿಡ್ರಿ ಖಾಲಾ. ನೀವು ತಿಂದಿದ್ರ ಇವತ್ತು ನಿಮ್ಮಂಥ ಒಳ್ಳೇರು ಈ ದುನಿಯಾದಾಗ ಯಾರೂ ಇಲ್ಲ."

ಗುಲಾಮ್ ರಸೂಲ್ ಮಾಮು ಚಹಾದ ಬಸಿ ಕೆಳಗಿಟ್ಟು ಹೊರಗೆ ಹೋದರು. ಪರ ಗಂಡಸಿನ ಮುಂದೆ ಮುಖ ತೆರೆದು ನಿಂತಿದ್ದೇನೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಖಾಲಾ ಅಲ್ಲೇ ಕೂತುಬಿಟ್ಟರು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅವರ ಮೊಣಕಾಲು ಹಿಡಿದು ವರ್ಷಗಳಾಗಿವೆ, ನಮಾಜಿಗೆ ಬಗ್ಗಲಾಗುವುದಿಲ್ಲ. ಸೌದಿಯ ತಾಕತ್ತಿನ ಗುಳಿಗೆ ಎಂದರೆ ಕಾಲಿಗೂ ತಾಕತ್ತು ಬಂದೀತು ಎಂದುಕೊಂಡಿದ್ದರು.

"ಅಕಿ ಎಲ್ಲಾ ವಾಂತಿ ಮಾಡಿ ಹಾಳು ಮಾಡತಿದ್ಲು. ಇಷ್ಟು ಛಲೋ ಗುಳಿಗಿ ಚರಂಡಿಗೆ ಯಾಕ ಹೋಗಬೇಕಂತ ನಾನ ತಿಂದೆ. ಬಸುರಿ ಮಗಳ ಹಿಸ್ಸಾ ತಿಂದ ತಾಯಿ ನಾನು. ಹೆಂಗ ಬಾಯಿ ಬಿಟ್ಟು ಹೇಳಲಿ?"

ನಾನು ಅವರ ಕುತ್ತಿಗೆಗೆ ಬಿದ್ದೆ. ಇಬ್ಬರ ತುಟಿಯಿಂದಲೂ ರಕ್ತ. ಇಂಥ ಕಳ್ಳತನಕ್ಕೆ ದುವಾ ಮಾಡಿದವರು ಇನ್ನೊಬ್ಬರಿರಲಾರರು.

ಆದರೆ ಚಹಾ ಮಾಡಲು ಒಳಗೆ ಹೋದಾಗ ಖಾಲಾ ನನ್ನ ಮುಂಗೈ ಹಿಡಿದು ಇನ್ನೊಂದು ಮಾತು ಹೇಳಿದರು. ಮೊದಲ ದಿನದ್ದೊಂದನ್ನು ಭಾಬಿಯ ಬಾಯಿಗೆ ಹಾಕಿದ್ದರಂತೆ. ಅವಳು ಕೂಡಲೇ ಕಕ್ಕಿದಳಂತೆ. ಗುಳಿಗೆ ಹೊರಗೆ ಬಂದದ್ದನ್ನು ನೋಡಿದಿರಾ ಎಂದು ಕೇಳಿದೆ. ಖಾಲಾ ತಲೆ ಅಲ್ಲಾಡಿಸಿದರು. ನೋಡಿರಲಿಲ್ಲ.

೨೨ ಮಾರ್ಚ್, ರಾಯಚೂರು ಬಸ್ ಸ್ಟ್ಯಾಂಡ್

ಭಾಬಿಯನ್ನೂ ಖಾಲಾರನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿದ್ದೆ. ಖಾಲಾ ಬಾಯಿ ಬಿಡುವುದಿಲ್ಲ ಎಂದು ಹೆದರಿದ್ದೆ, ಆದರೆ ಅವರೇ ಮುಂದಾಗಿ ಎಲ್ಲ ಹೇಳಿದರು. ಡಾಕ್ಟರು ಮೊದಲು ನನ್ನನ್ನು ಬೈದರು.

"ಇಂಥಾ ಔಷಧ ಬೀಗದಾಗ ಇರಬೇಕು. ಮನ್ಯಾಗ ಎಲ್ಲಾರಿಗೂ ಗೊತ್ತಿರಬೇಕು. ನಾಚಿಕಿ ಪಟ್ಟು ಮುಚ್ಚಿಟ್ರ ಹಿಂಗ ಆಗತದ."

ಬೈಸಿಕೊಂಡೆ. ಆಮೇಲೆ ಅವರು ಭಾಬಿಯ ಕೈ ಹಿಡಿದು ನಿಧಾನವಾಗಿ ಹೇಳಿದರು. ಒಂದೇ ಗುಳಿಗೆ, ಕೂಡಲೇ ವಾಂತಿ, ಮೈಯಲ್ಲಿ ಇಳಿದಿರಲಿಕ್ಕಿಲ್ಲ. ಆದರೆ ಇಳಿದೇ ಇಲ್ಲ ಎಂದು ಅವರು ಬರೆದು ಕೊಡಲಾರರು. ಹೆರಿಗೆ ಡಾಕ್ಟರಿಗೆ ಚೀಟಿ ಕೊಡುತ್ತಾರೆ. ಮುಂದೆ ಏನು ಮಾಡಬೇಕೆಂದು ಮನೆಯವರೆಲ್ಲ ಕೂತು ಯೋಚಿಸಿ ಎಂದರು.

"ಯೋಚನಿ ಮಾಡೋದು ಏನೂ ಇಲ್ರಿ" ಎಂದಳು ಭಾಬಿ. "ಆರು ವರ್ಷ ಕಾದೀನಿ. ಹೆಂಗ ಬಂದ್ರೂ ನಂದ ಕೂಸು."

ಕಿವಿಯ ಮಾತು ಭಾಬಿಗೆ ಹೇಳಿಲ್ಲ. ಖಾಲಾ ಕೆದಕಿ ಕೇಳಿದ್ದಕ್ಕೆ ಅವರೊಬ್ಬರಿಗೆ ಹೇಳಿದ್ದೇನೆ. ಹೊರಗೆ ಬಂದ ಮೇಲೆ ಖಾಲಾ, ನೀನಾದರೂ ಗುಳಿಗೆ ಬಿಡು ಎಂದರು. ಬಿಡುವುದಿಲ್ಲ. ತಪ್ಪು ಔಷಧದ್ದಲ್ಲ, ಯಾರ ಹೊಟ್ಟೆಗೆ ಹೋಗಬೇಕೋ ಅಲ್ಲಿಗೆ ಹೋಗಲಿ. ಪೇಟೆಯಲ್ಲಿ ಒಂದು ಬೀಗ ಕೊಂಡೆ.

೧೫ ಮೇ

ರೋಜಾ ನಡೆದಿದೆ. ಇಫ್ತಾರ್ ಊಟದ ಜೊತೆ ಗುಳಿಗೆ. ಉಪವಾಸಕ್ಕೆ ತುಟಿ ಇನ್ನೂ ಒಡೆದಿದೆ, ಆದರೂ ಡಾಕ್ಟರನ್ನು ಕೇಳಿಯೇ ಹಿಡಿದಿದ್ದೇನೆ. ರಕ್ತ ಸರಿಯಾಗಿದೆ.

ಪಕ್ಕದ ಮನೆಯ ಹುಡುಗಿ ನನ್ನ ಗುಳಿಗೆಯಲ್ಲಿ ಎರಡು ಕೊಡು ಎಂದು ಕೇಳಲು ಬಂದಿದ್ದಳು. ಅವಳಿಗೂ ಮೊಡವೆ. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಸೊಂಟಕ್ಕೆ ಕೈಯಿಟ್ಟು, ಬಸಿರು, ಕೂಸು, ರಕ್ತ ಪರೀಕ್ಷೆ, ಎಲ್ಲ ಬಾಗಿಲಲ್ಲೇ ನಿಂತು ಹೇಳಿದಳು. ಓಣಿಯ ಗಂಡಸರು ದಾರಿ ಬದಲಿಸಿದರು. ಹುಡುಗಿಯನ್ನು ಮುಂದಿನ ಸಲ ರಾಯಚೂರಿಗೆ ನಾನೇ ಕರೆದೊಯ್ಯುತ್ತೇನೆ.

ನನಗೆ ಸಂಬಂಧ ಕೇಳಿದ್ದ ಕವಿತಾಳದವರು ನಿಕಾಹ್ ಬೇಗ ಆಗಲಿ ಎಂದರಂತೆ. ಔಷಧ ಮುಗಿದು ಒಂದು ತಿಂಗಳವರೆಗೆ ಇಲ್ಲ ಎಂದು ಅಬ್ಬಾ ಹೇಳಿ ಕಳಿಸಿದರಂತೆ. ಅವರು ಬೇರೆ ಕಡೆ ನೋಡಿಕೊಳ್ಳುತ್ತಾರಂತೆ. ನೋಡಿಕೊಳ್ಳಲಿ. ಭಾಬಿಗೆ ಮಾವಿನಕಾಯಿ ಕಳಿಸಬೇಕು.

೧೮ ಜೂನ್

ಈ ತಿಂಗಳಿಂದ ಗೋಪಮ್ಮ ಟೀಚರ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಇವತ್ತು ಶಾಲೆ ಬಿಟ್ಟ ಮೇಲೆ ಓಡಿ ಬಸ್ಸು ಹಿಡಿದು ದೇವದುರ್ಗಕ್ಕೆ ಹೋಗಿ ಬಂದೆ. ಕೂಸು ಒದೆಯುತ್ತಿದೆ! ಭಾಬಿ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒದ್ದದ್ದು ಕಾಲು, ಅದು ಗೊತ್ತು. ಕಿವಿ ಒದೆಯುವುದಿಲ್ಲವಲ್ಲ.

ಎರಡನೇ ಇಯತ್ತೆಯ ಮಕ್ಕಳಿಗೆ ಗುಣಾಕಾರ ತಲೆಗೆ ಹತ್ತುತ್ತಿಲ್ಲ. ಗೋಪಮ್ಮ ಟೀಚರ ಹತ್ತಿರ ಹುಣಸೆ ಬೀಜ ಕೇಳಬೇಕು.

೨೦ ಆಗಸ್ಟ್

ಇವತ್ತು ಡಾಕ್ಟರು ಗುಳಿಗೆ ನಿಲ್ಲಿಸಿದರು. ಕಿಟಕಿಯ ಬೆಳಕಿಗೆ ತಿರುಗಿಸಿ, ಹೊಸ ಗಂಟು ಒಂದೂ ಇಲ್ಲ, ಹಳೆಯ ಕುಳಿಗಳು ಉಳಿಯುತ್ತವೆ ಎಂದರು. ಸರಿ ಎಂದೆ. ಭಾಬಿಯ ಕಾಲು ಬಾತಿರುವುದಕ್ಕೆ ಏನು ಮಾಡಬೇಕು ಎಂದು ಕೇಳಿದೆ. ಅವರು ನಕ್ಕರು. "ನಿನ್ನ ಮಾರಿ ಬಗ್ಗೆ ಏನೂ ಕೇಳಂಗಿಲ್ಲೇನು?" ಎಂದರು. ಕೇಳುವುದು ಏನಿದೆ, ಅವರೇ ಹೇಳಿದರಲ್ಲ.

ಮಿಕ್ಕ ಗುಳಿಗೆಗಳನ್ನು ಅವರ ಮೇಜಿನ ಮೇಲೇ ಇಟ್ಟು ಬಂದೆ. ಮನೆಯಲ್ಲಿ ಒಂದೂ ಇರಬಾರದು.

ಬಕ್ರೀದಿಗೆ ಸುಣ್ಣ ಹಚ್ಚುವಾಗ ಅಮ್ಮ ಕನ್ನಡಿಯನ್ನು ಈ ಕಡೆ ತಿರುಗಿಸಿದ್ದಾಳೆ. ಇವತ್ತು ಅದರಲ್ಲಿ ನನ್ನ ಕೊಡೆ ಕಂಡಾಗ ಗೊತ್ತಾಯಿತು.

೧೬ ಸೆಪ್ಟೆಂಬರ್, ದೇವದುರ್ಗ

ನಿನ್ನೆ ನೋವು ಶುರುವಾಗಿದೆ ಎಂದು ಸುದ್ದಿ ಬಂತು. ಅಬ್ಬಾ, ಅಮ್ಮ, ನಾನು ಸಿಕ್ಕ ಲಾರಿಯಲ್ಲಿ ಬಂದೆವು. ಇವತ್ತು ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು.

ನರ್ಸು ಕೂಸನ್ನು ಬಿಳಿ ಬಟ್ಟೆಯಲ್ಲಿ ತಲೆಯವರೆಗೆ ಸುತ್ತಿ ತಂದಳು. ಕಾಣುತ್ತಿದ್ದದ್ದು ಕಣ್ಣು, ಮೂಗು, ಬಾಯಿ ಅಷ್ಟೇ. ಅಮ್ಮ ಕೈ ಚಾಚಿದಳು, ನಾನು ನಡುವೆ ನುಗ್ಗಿ ಇಸಿದುಕೊಂಡೆ. ಖಾಲಾ ನನ್ನ ಹಿಂದೆ ನಿಂತಿದ್ದರು, ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಬಟ್ಟೆ ಸರಿಸಲು ಕೈ ಬರಲಿಲ್ಲ. ಈ ಆರು ತಿಂಗಳು ಗಟ್ಟಿಯಾಗಿದ್ದವಳಿಗೆ ಒಂದು ತುಂಡು ಬಟ್ಟೆ ಸರಿಸಲಾಗಲಿಲ್ಲ. ಖಾಲಾ ಹಿಂದಿನಿಂದ ಕೈ ಚಾಚಿ ತಾವೇ ಸರಿಸಿದರು.

ಒಂದು ಕಿವಿ. ತಿರುಗಿಸಿದೆವು. ಇನ್ನೊಂದು ಕಿವಿ. ಎರಡೂ ಭಾಯಿಜಾನನವೇ, ಸ್ವಲ್ಪ ಹೊರಕ್ಕೆ ಚಾಚಿದವು. ಅವನನ್ನು ಚಿಕ್ಕಂದಿನಲ್ಲಿ ಆ ಕಿವಿಗಾಗಿ ಎಷ್ಟು ಅಣಕಿಸಿದ್ದೆ.

ಆದರೂ ಖಾಲಾ ನನ್ನ ತೋಳು ಬಿಡಲಿಲ್ಲ. ಕಿವಿ ಇದೆ, ಕೇಳುತ್ತದೋ ಇಲ್ಲವೋ?

ಅಬ್ಬಾ ಕೈಕಾಲು ಮುಖ ತೊಳೆದು ವಜೂ ಮಾಡಿ ಬಂದರು. ಹುಟ್ಟಿದ ಕೂಸಿನ ಬಲಗಿವಿಯಲ್ಲಿ ಅಜಾನ್ ಹೇಳಬೇಕು, ದುನಿಯಾದಲ್ಲಿ ಅದು ಕೇಳುವ ಮೊದಲ ಮಾತು ಅದೇ ಆಗಬೇಕು. ಕೂಸು ಆಗ ಕಿರುಚಿ ಅಳುತ್ತಿತ್ತು. ಸಂತೆಯಲ್ಲಿ ಹಗ್ಗ ಕೂಗಿ ಮಾರುವ ಗಂಟಲು ಅಬ್ಬಾನದು. ಅದನ್ನು ಎಷ್ಟು ಸಣ್ಣ ಮಾಡಿಕೊಂಡರೋ ನನಗೇ ನಂಬಲಾಗಲಿಲ್ಲ. ಆ ಪುಟ್ಟ ಕಿವಿಯ ಹತ್ತಿರ ಬಾಗಿ "ಅಲ್ಲಾಹು ಅಕ್ಬರ್" ಎಂದರು.

ಅಳು ನಿಂತಿತು. ಕೂಸು ಕಣ್ಣು ಬಿಟ್ಟು, ದನಿ ಬಂದ ಕಡೆಗೆ ಮುಖ ಹೊರಳಿಸಿತು.

ಖಾಲಾ ನೆಲಕ್ಕೆ ಕೂತರು. ಮೊಣಕಾಲು ನೋವನ್ನೂ ಮರೆತು, ಹಣೆ ನೆಲಕ್ಕೂರಿ ಸಜ್ದಾಕ್ಕೆ ಬಿದ್ದರು. ಅಬ್ಬಾ ಅಜಾನ್ ಮುಗಿಸಿ, ಮುದುಕಿಗೆ ಏನಾಯಿತೆಂದು ನನ್ನನ್ನು ನೋಡಿದರು. ನಾನು ಅಳುತ್ತಿದ್ದೆ. ತುಟಿ ಒಡೆದಿರಲಿಲ್ಲ, ನಗುತ್ತಲೂ ಇದ್ದೆ.

ನಾಳೆ ಶಾಲೆಗೆ ರಜೆ ಹೇಳಿ ಕಳಿಸಬೇಕು.